ಬಚ್ಚಲಮನೆಯ ಖಾಯಂ ವಾಸಿಗಳು

ಆರು ವರ್ಷ ಸದನಕ್ಕೆ ಹೋಗಿ ಬಂದು, ಆ ಆರು ವರ್ಷದಲ್ಲಿ ಒಂದೇ ಒಂದು ಮಾತೂ ಆಡದೆ ಇರುವುದೆಂದರೆ ಅದು ಎಲ್ಲ ಶಾಸಕರಿಗೂ ಒದಗುವ ಸಿದ್ಧಿಯಲ್ಲ. ಕಂಬದ ಸಾಹೇಬರಿಗೆ ಒದಗಿತ್ತು. ಅದಕ್ಕೆ ಅರ್ಧ ಕಾರಣ ಅವರ ಸ್ವಭಾವ, ಅರ್ಧ ಕಾರಣ ಕಂಬ. ಗೆದ್ದುಹೋದ ಮೊದಲ ದಿನವೇ ಅವರಿಗೆ ಕೊನೆಯ ಸಾಲಿನ ಕೊನೆಯ ಕುರ್ಚಿ ತೋರಿಸಿದ್ದರು. ಕುರ್ಚಿಯ ಮುಂದೆಯೇ ಕಂಬ. ಸಾಧಾರಣ ಕಂಬವಲ್ಲ, ಅದರ ಹಿಂದೆ ಲಾರಿ ನಿಲ್ಲಿಸಿದರೂ ಮುಂದಿದ್ದವರಿಗೆ ಕಾಣದು. ಸಭಾಧ್ಯಕ್ಷರು ಇವರ ಮುಖ ನೋಡಿರಲಿಲ್ಲ, ಇವರು ಸಭಾಧ್ಯಕ್ಷರ ಮುಖ ನೋಡಿರಲಿಲ್ಲ. ಮತಕ್ಕೆ ಹಾಕಿದಾಗ ಕಂಬದ ಎಡಗಡೆಯಿಂದ ಒಂದು ಕೈ ಮೇಲೇಳುತ್ತಿತ್ತು. ಎಣಿಸುವ ಸಿಬ್ಬಂದಿ ‘ಕಂಬದ್ದೊಂದು’ ಎಂದು ಸೇರಿಸಿಕೊಂಡು ಮುಂದಕ್ಕೆ ಹೋಗುತ್ತಿದ್ದರು.

ಇಂಥ ಮನುಷ್ಯನನ್ನು ಅವರ ಪಾಡಿಗೆ ಬಿಟ್ಟಿದ್ದರೆ ಸರ್ಕಾರವೂ ಸುಖವಾಗಿರುತ್ತಿತ್ತು, ಗುಬ್ಬಚ್ಚಿಗಳೂ ಸುಖವಾಗಿರುತ್ತಿದ್ದವು. ಪತ್ರಿಕೆಯವರು ಬಿಡಲಿಲ್ಲ. ಸದನದಲ್ಲಿ ಒಂದೂ ಪ್ರಶ್ನೆ ಕೇಳದ ಶಾಸಕರ ಪಟ್ಟಿ ಎಂದು ದಪ್ಪ ಅಕ್ಷರದಲ್ಲಿ ಹಾಕಿ, ಅದರ ಕೆಳಗೆ ಒಂದೇ ಒಂದು ಹೆಸರು, ಒಂದೇ ಒಂದು ಫೋಟೊ ಹಾಕಿದರು. ಫೋಟೊದಲ್ಲಿಯೂ ಮುಕ್ಕಾಲು ಭಾಗ ಕಂಬವೇ ಇತ್ತು.

ಆಗ ಸಾಹೇಬರು ಹೆಂಡತಿ ಮತ್ತು ಅತ್ತೆಯೊಂದಿಗೆ ಒಬ್ಬ ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದರು. ಕೆಳಗೆ ಹೊಲಿಗೆ ಯಂತ್ರ ಶುರುವಾದರೆ ಮೇಲೆ ಲೋಟದೊಳಗಿನ ಚಹಾ ತಾನಾಗಿ ಕದಡಿಕೊಳ್ಳುತ್ತಿತ್ತು. ಎರಡು ಬೀದಿ ಆಚೆ ಅವರದೇ ಸ್ವಂತ ಮನೆ ಏಳು ವರ್ಷದಿಂದ ಏಳುತ್ತಾ ಏಳುತ್ತಾ ಕೊನೆಗೂ ಎದ್ದು ನಿಂತಿತ್ತು. ಇನ್ನೊಂದೇ ಒಂದು ಕಾಗದ ಬಾಕಿ. ಮನೆ ವಾಸಕ್ಕೆ ಯೋಗ್ಯ ಎಂದು ಯೋಜನಾ ಇಲಾಖೆ ಕೊಡುವ ಪತ್ರ. ಅದು ಇಂದು ನಾಳೆ ಬರುತ್ತದೆಂದು ನಂಬಿ ಹೆಂಡತಿ ಸಾಮಾನನ್ನೆಲ್ಲ ಹನ್ನೊಂದು ಪೆಟ್ಟಿಗೆಗೆ ತುಂಬಿ ಹಗ್ಗ ಬಿಗಿದಿದ್ದರು. ಹೊರಗೆ ಉಳಿದದ್ದು ಒಂದು ಚಮಚ. ಮೂವರೂ ಸರದಿಯ ಮೇಲೆ ಉಣ್ಣುತ್ತಿದ್ದರು. ದರ್ಜಿಯೂ ಕೈ ಮುಗಿದು ಹೇಳಿಬಿಟ್ಟಿದ್ದ: ಹೊಸ ಯಂತ್ರಗಳು ಬರುತ್ತಿವೆ, ತಿಂಗಳ ಕೊನೆಯ ದಿನ ಕೋಣೆ ಖಾಲಿಯಾಗಲೇಬೇಕು, ಶಾಸಕರಾದರೂ ಸರಿ, ಸಭಾಧ್ಯಕ್ಷರಾದರೂ ಸರಿ.

ಅತ್ತೆ ಪತ್ರಿಕೆಯನ್ನು ಎರಡು ಸಲ ಓದಿ, ಮಡಿಸಿ, ಅಳಿಯನ ತಟ್ಟೆಯ ಪಕ್ಕದಲ್ಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಸಾಹೇಬರು ತಡೆದುಕೊಳ್ಳುತ್ತಿದ್ದರು.

“ಅಳಿಯಂದ್ರೇ, ಒಂದು ಸಣ್ಣ ಪ್ರಶ್ನೆ ಕೇಳ್ಬಿಡಿ. ದೊಡ್ಡದೇನೂ ಬೇಡ. ಗಂಟೆ ಎಷ್ಟು ಅಂತಾದ್ರೂ ಕೇಳಿ.”

ಸಾಹೇಬರು ಮೂರು ದಿನ ಪ್ರಶ್ನೆ ಹುಡುಕಿದರು. ರಸ್ತೆಯ ಬಗ್ಗೆ ಕೇಳಿದರೆ ಗುತ್ತಿಗೆದಾರನಿಗೆ ಸಿಟ್ಟು, ನೀರಿನ ಬಗ್ಗೆ ಕೇಳಿದರೆ ಇಂಜಿನಿಯರನಿಗೆ ಸಿಟ್ಟು, ಶಾಲೆಯ ಬಗ್ಗೆ ಕೇಳಿದರೆ ಮೇಷ್ಟರಾಗಿದ್ದ ಭಾವಮೈದನಿಗೇ ಸಿಟ್ಟು. ಯಾರಿಗೂ ನೋವಾಗದ ಒಂದು ಪ್ರಶ್ನೆ ಈ ಭೂಮಂಡಲದಲ್ಲೇ ಇಲ್ಲವೆಂದು ಕೈಚೆಲ್ಲಿ ಕೂತಾಗ ಕಿಟಕಿಯ ಸರಳಿನ ಮೇಲೆ ಒಂದು ಗುಬ್ಬಚ್ಚಿ ಬಂದು ಕೂತಿತು. ಸಾಹೇಬರ ತಲೆಯಲ್ಲಿ ಸೂರ್ಯ ಹುಟ್ಟಿದ. ಗುಬ್ಬಚ್ಚಿಗೆ ವೋಟಿಲ್ಲ. ಗುಬ್ಬಚ್ಚಿಗೆ ಸಂಘವಿಲ್ಲ, ಗುಬ್ಬಚ್ಚಿಯ ಷಡ್ಡಕ ಯಾವ ಕಚೇರಿಯಲ್ಲೂ ಕೆಲಸಕ್ಕಿಲ್ಲ. ಹೊಸ ಮನೆ ಕಟ್ಟುವಾಗ ಗೂಡು ಕಟ್ಟಿಕೊಂಡ ಹಕ್ಕಿಗಳ ಗತಿ ಏನು ಎಂದು ಕೇಳಿದರೆ ಲೋಕದಲ್ಲಿ ಯಾರ ಕೂದಲೂ ಕೊಂಕುವುದಿಲ್ಲ. ಹಾಗೆಂದುಕೊಂಡು ಒಂದು ಸಾಲು ಬರೆದು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಸದನದ ಪ್ರಶ್ನೆ ಶಾಖೆಗೆ ಹೋದರು.

ಪ್ರಶ್ನೆ ಶಾಖೆಯ ಹೆಡ್ ಗುಮಾಸ್ತೆ ಮೂವತ್ತು ವರ್ಷದಿಂದ ಪ್ರಶ್ನೆಗಳನ್ನೇ ಉಂಡು ಪ್ರಶ್ನೆಗಳನ್ನೇ ಹೊದ್ದು ಮಲಗಿದವನು. ಸಾಹೇಬರ ಒಂದು ಸಾಲನ್ನು ಬೆಳಕಿಗೆ ಹಿಡಿದು ನೋಡಿದ. ಬೋಳಾಗಿದೆ ಎಂದ. ಪ್ರಶ್ನೆ ಎಂದ ಮೇಲೆ ಅ, ಆ, ಇ ಎಂದು ಮೂರು ಭಾಗವಾದರೂ ಇರಬೇಕು, ಇಲ್ಲದಿದ್ದರೆ ಇಲಾಖೆಯವರು ಮರ್ಯಾದೆ ಕೊಡುವುದಿಲ್ಲ ಎಂದು ತಾನೇ ತಿದ್ದಿ ಬರೆದ. (ಅ) ಹೊಸ ಮನೆಗಳಲ್ಲಿ ಗೂಡು ಕಟ್ಟಿರುವ ಹಕ್ಕಿಗಳೆಷ್ಟು? (ಆ) ಲೆಕ್ಕ ತಿಳಿಯದಿದ್ದರೆ, ತಿಳಿಯದಿರಲು ಕಾರಣವೇನು? (ಇ) ಸದರಿ ಹಕ್ಕಿಗಳ ವಾಸಕ್ಕೆ ಭಂಗ ಬಾರದಂತೆ ಸರ್ಕಾರ ಕೈಗೊಂಡಿರುವ ಕ್ರಮವೇನು?

ಆ ಮೂರನೆಯದನ್ನು ಬರೆಯುವಾಗ ಅವನ ಮುಖದಲ್ಲಿ ಅಡುಗೆಗೆ ಒಗ್ಗರಣೆ ಹಾಕುವವರ ಕಳೆ ಇತ್ತು.

“ಇದರಲ್ಲಿದೆ ನೋಡಿ ಸಾರ್ ಜೀವ. ಏನು ಕ್ರಮ ಕೈಗೊಂಡಿದ್ದೀರಿ ಅಂತ ಕೇಳಿದ್ರೆ ಏನೂ ಇಲ್ಲ ಅಂತ ಉತ್ತರ ಕೊಟ್ಟ ಇಲಾಖೆ ಇವತ್ತಿನವರೆಗೂ ಹುಟ್ಟಿಲ್ಲ. ಕೈಗೊಂಡಿಲ್ಲದೇ ಇದ್ರೆ, ಉತ್ತರ ಕೊಡೋ ದಿನದೊಳಗೆ ಕೈಗೊಂಡೇ ಬಿಡ್ತಾರೆ.”

ಸಾಹೇಬರಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ತಮ್ಮ ಪ್ರಶ್ನೆಯಲ್ಲಿ ಜೀವವಿದೆಯೆಂಬುದು ಖುಷಿ ಕೊಟ್ಟಿತು. ಸಹಿ ಹಾಕಿದರು. ಆ ಸಹಿಗೆ ಆರು ವರ್ಷದ ಉಪವಾಸದ ಹಸಿವಿತ್ತು, ಕಾಗದ ಹರಿಯುವಷ್ಟು ಒತ್ತಿ ಹಾಕಿದರು.

ಪ್ರಶ್ನೆಯಲ್ಲಿ ಹಕ್ಕಿ ಇದ್ದದ್ದರಿಂದ ಅದು ಪ್ರಾಣಿ ದಯಾ ಇಲಾಖೆಗೆ ಹೋಯಿತು. ಮನೆ ಇದ್ದದ್ದರಿಂದ ಅದರ ಪ್ರತಿ ವಸತಿ ಇಲಾಖೆಗೆ ಹೋಯಿತು. ಹೊಸ ಕಟ್ಟಡ ಇದ್ದದ್ದರಿಂದ ಇನ್ನೊಂದು ಪ್ರತಿ ಯೋಜನಾ ಇಲಾಖೆಗೆ ಹೋಯಿತು. ಮೂರೂ ಕಡೆ ಭೂಕಂಪವಾಯಿತು. ಉತ್ತರಕ್ಕೆ ಉಳಿದದ್ದು ಒಂಬತ್ತೇ ದಿನ, ಕೈಗೊಂಡ ಕ್ರಮ ಸೊನ್ನೆ. ಮಧ್ಯಾಹ್ನ ಊಟಕ್ಕೆಂದು ಎದ್ದರೆ ಸಂಜೆಗೆ ಬರುತ್ತಿದ್ದ ಅಧಿಕಾರಿಗಳು ಡಬ್ಬಿ ತೆರೆಯುವುದನ್ನೇ ಮರೆತರು. ಪ್ರಾಣಿ ದಯಾ ಇಲಾಖೆ ಇದ್ದಬದ್ದ ಪರಿವೀಕ್ಷಕರಿಗೆಲ್ಲ ಏಣಿ ಕೊಟ್ಟು ಹಕ್ಕಿ ಎಣಿಸಲು ಅಟ್ಟಿತು. ವಸತಿ ಇಲಾಖೆ, ಗೂಡು ಕಂಡುಬಂದ ಮನೆಯಲ್ಲಿ ಹಕ್ಕಿಗಳನ್ನು ಮೊದಲ ವಾಸಿಗಳೆಂದು ದಾಖಲಿಸಬೇಕು ಎಂದು ಸುತ್ತೋಲೆ ಹೊರಡಿಸಿತು. ಯೋಜನಾ ಇಲಾಖೆ ಅದಕ್ಕಿಂತ ಜಾಣ. ಈಗಾಗಲೇ ವಾಸಿಗಳಿರುವ ಮನೆಗೆ ಇನ್ನೊಬ್ಬರಿಗೆ ವಾಸದ ಪತ್ರ ಕೊಡಲು ಬರುವುದಿಲ್ಲ ಎಂಬ ತನ್ನ ಹಳೆಯ ನಿಯಮವನ್ನು ಧೂಳು ಕೊಡವಿ ಮೇಜಿನ ಮೇಲಿಟ್ಟಿತು. ಒಂದು ಕಾಸಿನ ಕೆಲಸವಿಲ್ಲ, ಕ್ರಮ ಮಾತ್ರ ಸಂಪೂರ್ಣ.

ಇದೊಂದೂ ಸಾಹೇಬರಿಗೆ ಗೊತ್ತಿಲ್ಲ. ಅವರು ಕನ್ನಡಿಯ ಮುಂದೆ ನಿಂತು ‘ಮಾನ್ಯ ಸಭಾಧ್ಯಕ್ಷರೇ’ ಎಂದು ಹೇಳಿ ಅಭ್ಯಾಸ ಮಾಡುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಗಂಡ ಹೆಂಡತಿ ಹೊಸ ಮನೆ ಗುಡಿಸಲು ಹೋದಾಗ ಬಾಗಿಲಲ್ಲಿ ಒಬ್ಬ ಪರಿವೀಕ್ಷಕ ಏಣಿ ಹೊತ್ತು ನಿಂತಿದ್ದ. ತೆಳ್ಳಗಿನ, ಶಿಸ್ತಿನ ಮನುಷ್ಯ. ಹೊಸ ನೆಲವೆಂದು ಬೂಟು ಬಿಚ್ಚಿಟ್ಟು ಒಳಗೆ ಬಂದ. ಒಂದೊಂದೇ ಕೋಣೆ ನೋಡುತ್ತಾ ಹೋಗಿ ಬಚ್ಚಲಮನೆಯ ಗಾಳಿಕಿಂಡಿಗೆ ಏಣಿ ಆನಿಸಿ ಹತ್ತಿದ. ಬಹಳ ಹೊತ್ತು ಕಿಂಡಿಯೊಳಗೆ ಇಣುಕಿ, ಒಳಗಿದ್ದವರಿಗೆ ತೊಂದರೆಯಾಗದಂತೆ ಪಿಸುಮಾತಿನಲ್ಲಿ ಕೆಳಗಿದ್ದವರಿಗೆ ಹೇಳಿದ:

“ಗಂಡ ಒಂದು, ಹೆಂಡತಿ ಒಂದು, ಮೊಟ್ಟೆ ಮೂರು. ಒಟ್ಟು ಐವರು. ಮೂವರು ಅಪ್ರಾಪ್ತರು ಅಂತ ಬರ್ಕೊಳ್ತೀನಿ.”

ಸಾಹೇಬರ ಹೆಂಡತಿ ಪೊರಕೆ ಹಿಡಿದೇ ಕೇಳಿದರು, ಅವು ಯಾವಾಗ ಹೋಗುತ್ತವೆ ಎಂದು. ಪರಿವೀಕ್ಷಕ ಅವರನ್ನು ಕಟುಕರನ್ನು ನೋಡುವಂತೆ ನೋಡಿದ. ಸುತ್ತೋಲೆಯ ಪ್ರಕಾರ ಇನ್ನು ಬಚ್ಚಲಮನೆಯಲ್ಲಿ ನೀರು ಚೆಲ್ಲುವಂತಿಲ್ಲ, ಬಾಗಿಲು ಬಡಿಯುವಂತಿಲ್ಲ, ಹಾಡುವಂತಿಲ್ಲ, ವಾಸದ ಪತ್ರದ ಅರ್ಜಿ ಇಂದಿನಿಂದಲೇ ತಡೆಹಿಡಿಯಲ್ಪಟ್ಟಿದೆ ಎಂದು ಒಂದು ಚೀಟಿ ಹರಿದು ಕೊಟ್ಟ. ಯಾವ ಪುಣ್ಯಾತ್ಮ ಈ ಸುತ್ತೋಲೆ ಹೊರಡಿಸಿದ್ದು ಎಂದು ಹೆಂಡತಿ ಕೇಳಿದಾಗ, ಸದನದಲ್ಲಿ ಯಾರೋ ಒಬ್ಬ ಮಾನ್ಯ ಸದಸ್ಯರು ಪ್ರಶ್ನೆ ಹಾಕಿದ್ದಾರಂತೆ ಎಂದ.

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದರು. ಸಾಹೇಬರು ಆ ಹೊತ್ತಿಗೆ ಅಲ್ಲೊಂದು ಕಂಬವಿದೆಯೇ ಎಂದು ಹುಡುಕುತ್ತಿದ್ದರು.

“ಏನ್ರೀ, ಆರು ವರ್ಷ ಬಾಯಿ ಮುಚ್ಕೊಂಡಿದ್ರಲ್ಲ, ಇನ್ನೊಂದು ಹದಿನೈದು ದಿನ ಆಗ್ತಿರ್ಲಿಲ್ವಾ?”

ಅಲ್ಲಿಂದ ಮುಂದಿನ ನಾಲ್ಕು ದಿನ ಸಾಹೇಬರು ಇಲಾಖೆಯಿಂದ ಇಲಾಖೆಗೆ ಬುಗುರಿಯಂತೆ ತಿರುಗಿದರು. ಯೋಜನಾ ಇಲಾಖೆಯ ಅಧಿಕಾರಿ ಕುರ್ಚಿ ಎಳೆದು ಕೂರಿಸಿ, ಪತ್ರ ಕೊಡಲು ತನಗೇನೂ ಅಭ್ಯಂತರವಿಲ್ಲ, ವಾಸಿಗಳು ಖಾಲಿ ಮಾಡಿದ್ದಾರೆಂದು ವಸತಿ ಇಲಾಖೆ ಬರೆದುಕೊಟ್ಟರೆ ಸಾಕು ಎಂದ. ವಸತಿ ಇಲಾಖೆಯ ಅಧಿಕಾರಿ, ಖಾಲಿ ಮಾಡಿಸಬಹುದು, ಆದರೆ ವಾಸಿಗಳು ಹಕ್ಕಿಗಳಾದ್ದರಿಂದ ಪ್ರಾಣಿ ದಯಾ ಇಲಾಖೆಯ ಒಪ್ಪಿಗೆ ಬೇಕು ಎಂದ. ಪ್ರಾಣಿ ದಯಾ ಇಲಾಖೆಯಲ್ಲಿ ಒಬ್ಬ ಮಹಿಳಾ ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಹಕ್ಕಿಗಳಿಗೆ ಇದಕ್ಕೆ ಸಮನಾದ ಬೇರೆ ಮನೆ ತೋರಿಸಿದರೆ ನೋಡಬಹುದು, ಆ ಮನೆಗೆ ಯೋಜನಾ ಇಲಾಖೆಯ ವಾಸದ ಪತ್ರ ಇರಬೇಕು ಎಂದರು. ಸಾಹೇಬರು ಮತ್ತೆ ಮೊದಲನೆಯ ಕುರ್ಚಿಯಲ್ಲಿ ಕೂತಾಗ ಅದು ಇನ್ನೂ ಬೆಚ್ಚಗಿತ್ತು. ಹಕ್ಕಿಗೆ ಪತ್ರ ಬೇಕೋ ತನಗೆ ಪತ್ರ ಬೇಕೋ, ತಾನು ಮನೆಯ ಯಜಮಾನನೋ ಮೊಟ್ಟೆ ಕದಿಯಲು ಬಂದವನೋ, ಯಾವುದೂ ಅವರಿಗೆ ಸ್ಪಷ್ಟವಾಗಲಿಲ್ಲ. ಎಲ್ಲ ಕಡೆಯೂ ಅಧಿಕಾರಿಗಳು ಬೀಳ್ಕೊಡುವಾಗ ಕೈ ಹಿಡಿದು, ತಮ್ಮ ಪ್ರಶ್ನೆ ಬಹಳ ಪರಿಣಾಮ ಬೀರಿದೆ ಸಾರ್ ಎಂದು ಅಭಿನಂದಿಸುತ್ತಿದ್ದರು.

ಪ್ರಶ್ನೆ ವಾಪಸು ತೆಗೆದುಕೊಳ್ಳುತ್ತೇನೆಂದು ಹೆಡ್ ಗುಮಾಸ್ತೆಯ ಬಳಿ ಗೋಗರೆದರು. ಪ್ರಶ್ನೆ ಅಚ್ಚಾಗಿದೆ, ಇನ್ನು ಸದನದಲ್ಲಿಯೇ ಎದ್ದು ನಿಂತು ನಾಲ್ಕು ಮಾತಿನಲ್ಲಿ ಕಾರಣ ಹೇಳಿ ಹಿಂತೆಗೆದುಕೊಳ್ಳಬೇಕು ಎಂದ ಅವನು. ಮನೆಯಲ್ಲಿ ಈ ಸುದ್ದಿ ಹೇಳಿದಾಗ ಅತ್ತೆ ಆ ನಾಲ್ಕು ಮಾತನ್ನು ಅವರಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದರು: ಆ ಮನೆ ನನ್ನದು, ಅದರಲ್ಲಿ ಹಕ್ಕಿಗಳಿವೆ, ನಮಗೆ ಬೇರೆ ಜಾಗವಿಲ್ಲ, ಪ್ರಶ್ನೆ ವಾಪಸು. ಇಷ್ಟು ಹೇಳಿ ಕೂತುಬಿಡಿ, ಐದನೆಯ ಮಾತು ಆಡಬೇಡಿ ಎಂದು ಎಚ್ಚರಿಸಿದರು.

ಆ ದಿನ ಸದನದಲ್ಲಿ ಪ್ರಶ್ನೆಯ ಸಂಖ್ಯೆ ಕೂಗಿದರು. ಸಾಹೇಬರು ಎದ್ದರು. ಕಂಬದ ಹಿಂದೆ ಏನೋ ಅಲುಗಾಡಿದ್ದು ಕಂಡು ಸಭಾಧ್ಯಕ್ಷರು ಅತ್ತ ಮಾರ್ಷಲನನ್ನು ಕಳಿಸಿ ನೋಡಿಸಿದರು, ಸದಸ್ಯರೇ ಎಂದು ಖಾತ್ರಿಯಾದ ಮೇಲೆ ಮುಂದುವರಿಯಲು ಬಿಟ್ಟರು. ಆದರೆ ಸಾಹೇಬರು ಬಾಯಿ ತೆರೆಯುವ ಮೊದಲೇ ಪ್ರಾಣಿ ದಯಾ ಮಂತ್ರಿಗಳು ಎದ್ದು ಉತ್ತರ ಓದತೊಡಗಿದರು. ಒಂಬತ್ತು ದಿನ ನಿದ್ದೆಗೆಟ್ಟು ತಯಾರಿಸಿದ ಉತ್ತರ, ಅವರು ಬಿಟ್ಟಾರೆಯೇ. ಹಕ್ಕಿಗಳ ಲೆಕ್ಕ ಸಿಕ್ಕಿದೆ, ಕ್ರಮ ಕೈಗೊಳ್ಳಲಾಗಿದೆ, ಉದಾಹರಣೆಗೆ ಇಂಥ ಬೀದಿಯ ಇಂಥ ಸಂಖ್ಯೆಯ ಹೊಚ್ಚಹೊಸ ಮನೆಯೊಂದರಲ್ಲಿ ಐದು ಗುಬ್ಬಚ್ಚಿಗಳಿಗೆ ಸಂಪೂರ್ಣ ರಕ್ಷಣೆ ಒದಗಿಸಲಾಗಿದೆ ಎಂದು ಬೀಗಿದರು.

ಸಾಹೇಬರಿಗೆ ತಡೆಯಲಾಗಲಿಲ್ಲ. ಬಾಯಿಪಾಠದ ಮೊದಲ ಮಾತು ತಾನಾಗಿ ಹೊರಬಿತ್ತು.

“ಆ ಮನೆ ನನ್ನದು.”

ಸದನವೆಲ್ಲ ಕಂಬದ ಕಡೆ ತಿರುಗಿತು.

“ಅದರಲ್ಲಿ ಹಕ್ಕಿಗಳಿವೆ. ನಮಗೆ ಬೇರೆ ಜಾಗವಿಲ್ಲ.”

ಆರು ವರ್ಷ ಬಳಸದ ಗಂಟಲು, ತುಕ್ಕು ಹಿಡಿದಿರಬೇಕು. ನಾಲ್ಕನೆಯ ಮಾತು ನಾಲಿಗೆಯವರೆಗೆ ಬಂದು ಅಲ್ಲೇ ನಿಂತಿತು. ಅವರು ಅದನ್ನು ಎಳೆಯುತ್ತಿರುವಾಗಲೇ ಮುಂದಿನ ಸಾಲಿನಲ್ಲಿ ಒಬ್ಬ ಹಿರಿಯ ಸದಸ್ಯರು ಮೇಜು ಕುಟ್ಟಿದರು. ಪಕ್ಕದವರೂ ಕುಟ್ಟಿದರು. ಎರಡೂ ಪಕ್ಷದವರು ಕುಟ್ಟಿದ ರಭಸಕ್ಕೆ ಗೋಡೆಯ ಗಡಿಯಾರ ಹತ್ತು ನಿಮಿಷ ಮುಂದೆ ಹೋಯಿತು. ಇದ್ದೊಂದು ಮನೆಯನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟು ತಾನು ಬಾಡಿಗೆ ಕೋಣೆಯಲ್ಲಿ ಕಷ್ಟಪಡುತ್ತಿರುವ ಇಂಥ ಮನುಷ್ಯ ಇಷ್ಟು ದಿನ ಎಲ್ಲಿದ್ದರು ಎಂದು ವಿರೋಧ ಪಕ್ಷದ ನಾಯಕರು ಗದ್ಗದಿತರಾಗಿ ಕೇಳಿದರು. ಕಂಬದ ಹಿಂದೆ ಎಂದು ಯಾರೋ ಉತ್ತರ ಕೊಟ್ಟರು. ಸಭಾಧ್ಯಕ್ಷರು ಈ ತ್ಯಾಗವನ್ನು ಕಡತದಲ್ಲಿ ದಾಖಲಿಸಲು ಅಪ್ಪಣೆ ಮಾಡಿ ಮುಂದಿನ ಪ್ರಶ್ನೆ ಕೂಗಿದರು.

ಸಾಹೇಬರು ಮನೆ ಮುಟ್ಟುವ ಮೊದಲೇ ರೇಡಿಯೊ ಮುಟ್ಟಿತ್ತು. ಮೆಟ್ಟಿಲ ಬುಡದಲ್ಲಿ ದರ್ಜಿ ಅಳತೆಯ ಪಟ್ಟಿ ಕೊರಳಿಗೆ ಹಾಕಿಕೊಂಡೇ ಅವರ ಕಾಲಿಗೆ ಬಗ್ಗಿದ. ನಿಮ್ಮಂಥವರನ್ನು ಎಬ್ಬಿಸುವ ಪಾಪ ನನಗೆ ಬಂತಲ್ಲ ಎಂದು ಕಣ್ಣೀರಿಟ್ಟ, ಆದರೆ ಯಂತ್ರಗಳು ತಿಂಗಳ ಕೊನೆಯ ದಿನ, ಶನಿವಾರ, ಬರುವುದು ಖಂಡಿತ ಎಂದೂ ಹೇಳಿದ. ಮಾರನೆಯ ದಿನದಿಂದ ಬೀದಿಯವರು ತಮಗೆ ಬೇಡವಾದ ಪ್ರಾಣಿಗಳನ್ನೆಲ್ಲ ತಂದು ಸಾಹೇಬರ ಮೆಟ್ಟಿಲ ಮೇಲೆ ಬಿಡತೊಡಗಿದರು. ಒಂಟಿ ಕಣ್ಣಿನ ಬೆಕ್ಕು ಬಂತು, ಕೆಮ್ಮುವ ಆಮೆ ಬಂತು. ಒಬ್ಬ ಅಗಸ ಕತ್ತೆಯನ್ನು ತಂದು, ಇದಕ್ಕೆ ಮನೆಯೇನೂ ಬೇಡ, ವರಾಂಡ ಸಾಕು ಎಂದ. ಅತ್ತೆಗೆ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತು, ಒಂದೊಂದನ್ನೂ ಬಂದ ದಾರಿಗೆ ಹಚ್ಚುವುದೇ ಕೆಲಸವಾಯಿತು.

ಹೆಂಡತಿ ಹನ್ನೊಂದನೆಯ ಪೆಟ್ಟಿಗೆಯ ಮೇಲೆ ಕೂತು ಗೋಡೆ ನೋಡುತ್ತಿದ್ದರು. ಏಳು ವರ್ಷ ಅವರು ಆ ಮನೆಯ ಒಂದೊಂದು ಕಿಟಕಿಗೂ ಮನಸ್ಸಿನಲ್ಲೇ ಪರದೆ ಹೊಲಿದಿದ್ದವರು. ಸಾಹೇಬರು ಪಕ್ಕದಲ್ಲಿ ಕೂತು, ನಾಲ್ಕನೆಯ ಮಾತು ಬರಲೇ ಇಲ್ಲ ಕಣೇ ಎಂದರು.

“ನನಗ್ಗೊತ್ತು. ಶನಿವಾರ ಎಲ್ಲಿಗೆ ಹೋಗೋಣ, ಅದನ್ನ ಹೇಳಿ.”

ಆ ಪ್ರಶ್ನೆಗೆ ಅ, ಆ, ಇ ಏನೂ ಇರಲಿಲ್ಲ.

ಶುಕ್ರವಾರ ಬೇರೆ ದಾರಿ ಕಾಣದೆ ಮತ್ತೆ ಪ್ರಶ್ನೆ ಶಾಖೆಗೆ ಹೋದರು. ಹೆಡ್ ಗುಮಾಸ್ತೆಗೆ ತಾನು ಹಾಕಿದ ಒಗ್ಗರಣೆ ಇಷ್ಟು ಘಾಟಾಗುತ್ತದೆಂದು ಗೊತ್ತಿರಲಿಲ್ಲ, ಅವನಿಗೂ ಒಳಗೊಳಗೇ ಚುಚ್ಚುತ್ತಿತ್ತು. ಮೂರೂ ಇಲಾಖೆಯ ನಿಯಮಗಳನ್ನು ಎದುರಿಗೆ ಹರಡಿಕೊಂಡು ಮಧ್ಯಾಹ್ನದವರೆಗೆ ಬೆರಳಾಡಿಸಿದ. ಕೊನೆಗೆ ಅವನ ಬೆರಳು ಒಂದು ಕಡೆ ನಿಂತಿತು. ವಾಸಿಗಳಿರುವ ಮನೆಗೆ ಬೇರೆಯವರಿಗೆ ವಾಸದ ಪತ್ರ ಕೊಡುವಂತಿಲ್ಲ, ನಿಜ. ಆದರೆ ಹಾಲಿ ವಾಸಿಗಳು ತಮ್ಮೊಂದಿಗೆ ಅವಲಂಬಿತರನ್ನು ಇಟ್ಟುಕೊಳ್ಳಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ.

ಸಾಹೇಬರು ಕಣ್ಣು ಕಣ್ಣು ಬಿಟ್ಟರು. ಯಾರು ಯಾರಿಗೆ ಅವಲಂಬಿತರು ಎಂದು ಕೇಳಿದರು.

“ನೀವು, ನಿಮ್ಮ ಮನೆಯವರು, ನಿಮ್ಮ ಅತ್ತೆ. ಗುಬ್ಬಚ್ಚಿಗಳಿಗೆ.”

ಶನಿವಾರ ಬೆಳಿಗ್ಗೆ ಹನ್ನೊಂದು ಪೆಟ್ಟಿಗೆ ಹೊಸ ಮನೆಯ ಮುಂದೆ ಬೀದಿಯಲ್ಲಿ ಇಳಿದವು. ಪರಿವೀಕ್ಷಕ ಅರ್ಜಿ ಹಿಡಿದು ಬಂದ. ಅರ್ಜಿಯಲ್ಲಿ ಮನೆಯ ಮುಖ್ಯಸ್ಥರು ಎಂಬಲ್ಲಿ ‘ಗುಬ್ಬಚ್ಚಿ, ಗಂಡು’ ಎಂದಿತ್ತು. ಅವಲಂಬಿತರಿಗೆ ಮುಖ್ಯಸ್ಥರ ಒಪ್ಪಿಗೆ ಬೇಕು ಎಂಬ ಕಡೆ ಅವನು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಬೂಟು ಬಿಚ್ಚಿ, ಏಣಿ ಹತ್ತಿ, ಕಿಂಡಿಗೆ ಮುಖವಿಟ್ಟು, ಈ ಮೂವರು ತಮ್ಮೊಂದಿಗೆ ವಾಸಿಸಲು ಆಕ್ಷೇಪಣೆ ಇದೆಯೇ ಎಂದು ಮೂರು ಸಲ ಕೇಳಿದ. ಎರಡು ಸಲ ಏನೂ ಕೇಳಿಸಲಿಲ್ಲ. ಮೂರನೆಯ ಸಲ ಒಳಗಿನಿಂದ ಏನೋ ಚಿಲಿಪಿಲಿ ಬಂತು. ಪರಿವೀಕ್ಷಕ ಬಹಳ ಹೊತ್ತು ಕಿವಿ ಕೊಟ್ಟು, ಆಕ್ಷೇಪಣೆಯ ಧಾಟಿಯಂತೆ ಕಾಣಲಿಲ್ಲ ಎಂದು ಬರೆದುಕೊಂಡ. ಕೆಳಗೆ ಒಂದು ಷರತ್ತು ಸೇರಿಸಿದ: ಮುಖ್ಯಸ್ಥರು ಮನೆಯಲ್ಲಿರುವವರೆಗೆ ಅವಲಂಬಿತರೂ ಇರಬಹುದು. ಬಚ್ಚಲಮನೆ ಮುಖ್ಯಸ್ಥರಿಗೆ ಮೀಸಲು.

ಹೀಗೆ ಕಂಬದ ಸಾಹೇಬರು ತಮ್ಮ ಮನೆಗೆ ತಾವೇ ಗುಬ್ಬಚ್ಚಿಗಳ ಆಶ್ರಿತರಾಗಿ ಕಾಲಿಟ್ಟರು. ಸ್ನಾನಕ್ಕೆ ದರ್ಜಿಯ ಮನೆಗೆ ಹೋಗಿ ಬರುತ್ತಿದ್ದರು. ಹೆಂಡತಿ ಮೊದಲ ವಾರ ಆ ಕಿಂಡಿಯನ್ನು ಕೆಂಗಣ್ಣಿನಿಂದ ನೋಡುತ್ತಿದ್ದರು. ಎರಡನೆಯ ವಾರ ಷರತ್ತನ್ನು ಇನ್ನೊಮ್ಮೆ ಓದಿಕೊಂಡರು. ಅಂದಿನಿಂದ ಕಿಂಡಿಯ ಕೆಳಗೆ ಕಾಳು ಬಿತ್ತು, ನೀರಿನ ಬಟ್ಟಲು ಬಂತು, ಒಂಟಿ ಕಣ್ಣಿನ ಬೆಕ್ಕು ಆ ಬೀದಿಗೆ ಕಾಲಿಡದಂತಾಯಿತು. ಮೊಟ್ಟೆಯೊಡೆದು ಮರಿಗಳಾದಾಗ ಗಂಡ ಹೆಂಡತಿ ಹೆದರಿದರು, ರೆಕ್ಕೆ ಮೂಡಿದಾಗ ಅನ್ನ ಬಿಟ್ಟರು. ಸಾಹೇಬರು ಬಚ್ಚಲಮನೆಯ ಬಾಗಿಲ ಸಂದಿಯಲ್ಲಿ ಗಂಟೆಗಟ್ಟಲೆ ನಿಂತು, ಹೊರಗೆ ಬಿಸಿಲು ಜಾಸ್ತಿ, ಗಿಡುಗಗಳ ಕಾಟ ಬೇರೆ, ಹೊಸಬರಿಗೆ ಮನೆ ಸಿಗುವುದು ಎಷ್ಟು ಕಷ್ಟ ಎಂಬುದನ್ನೆಲ್ಲ ಮರಿಗಳಿಗೆ ಅಂಕಿ ಅಂಶ ಸಹಿತ ವಿವರಿಸುತ್ತಿದ್ದರು.

ಮರಿಗಳು ಕೇಳಲಿಲ್ಲ. ಒಂದು ಬೆಳಿಗ್ಗೆ ಮೂರೂ ಸಾಲಾಗಿ ಕಿಂಡಿಯ ಅಂಚಿಗೆ ಬಂದು ಕೂತವು. ಸಾಹೇಬರು ಕೈ ಮುಗಿದರು. ಒಂದು ಹಾರಿತು, ಎರಡನೆಯದೂ ಹಾರಿತು. ಮೂರನೆಯದು ಸಾಹೇಬರ ಕಡೆ ಒಂದು ಸಲ ತಿರುಗಿ ನೋಡಿ, ಆಮೇಲೆ ಅದೂ ಹಾರಿತು. ಅವುಗಳ ಹಿಂದೆ ಅಪ್ಪ, ಅಮ್ಮ. ಗೂಡು ಬರಿದಾಗಿ ಇನ್ನೂ ಕಾಲು ಗಂಟೆಯಾಗಿರಲಿಲ್ಲ, ಬಾಗಿಲಲ್ಲಿ ಪರಿವೀಕ್ಷಕ ಬೂಟು ಬಿಚ್ಚುತ್ತಿದ್ದ. ತಿಂಗಳ ತಪಾಸಣೆ.

ಅವನು ಏಣಿ ಹತ್ತಿ ನೋಡಿದ. ಇನ್ನೂ ಒಂದು ಮೆಟ್ಟಿಲು ಹತ್ತಿ ನೋಡಿದ. ಮುಖ್ಯಸ್ಥರು ಮನೆಯಲ್ಲಿಲ್ಲ ಎಂದ. ಹೆಂಡತಿ ಹೊಸ ಪರದೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅತ್ತೆ ಅಡುಗೆಮನೆಯಿಂದ ಕೈಯೊರೆಸಿಕೊಳ್ಳುತ್ತಾ ಬಂದರು.

“ಮಕ್ಕಳನ್ನ ಕರ್ಕೊಂಡು ಹೊರಗೆ ಹೋಗಿದ್ದಾರಪ್ಪ. ಬೆಳಿಗ್ಗೆ ತಾನೇ ಹೊರಟರು.”

ಯಾವಾಗ ಬರುತ್ತಾರೆ ಎಂದು ಪರಿವೀಕ್ಷಕ ಪೆನ್ನು ಹಿಡಿದು ಕೇಳಿದ. ದೊಡ್ಡವರು, ನಮ್ಮಂಥ ಆಶ್ರಿತರಿಗೆ ಹೇಳಿ ಹೋಗುತ್ತಾರೆಯೇ ಎಂದರು ಅತ್ತೆ. ಅದು ಅವನಿಗೆ ನ್ಯಾಯವಾಗಿ ಕಂಡಿತು. ಮುಖ್ಯಸ್ಥರು ಸಂಸಾರ ಸಮೇತ ಹೊರಗೆ ಹೋಗಿದ್ದಾರೆ, ಹಿಂದಿರುಗುವ ದಿನ ತಿಳಿಸಿಲ್ಲ, ಅಲ್ಲಿಯವರೆಗೆ ಅವಲಂಬಿತರು ಮನೆ ಕಾಯತಕ್ಕದ್ದು ಎಂದು ಬರೆದು, ಸಹಿ ಹಾಕಿ, ಕೆಳಗೆ ಇಲಾಖೆಯ ಮೊಹರು ಒತ್ತಿ, ಬೂಟು ತೊಟ್ಟು ಹೋದ.

ಬಾಗಿಲು ಹಾಕಿದ ಮೇಲೆ ಹೆಂಡತಿ ನೀರು ಕಾಯಿಸಲು ಇಟ್ಟರು. ಮೊದಲು ನಾನು ಎಂದು ಅತ್ತೆ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಸಾಹೇಬರಿಗೆ ಮಾತ್ರ ಸಮಾಧಾನವಾಗಲಿಲ್ಲ. ಮೆಲ್ಲಗೆ ಬಾಗಿಲು ತಟ್ಟಿ, ಅತ್ತೆ, ಈಗಲೇ ಅವರು ವಾಪಸು ಬಂದುಬಿಟ್ಟರೆ ಏನು ಮಾಡುವುದು ಎಂದು ಕೇಳಿದರು.

ಒಳಗೆ ಒಂದು ತಂಬಿಗೆ ನೀರು ಸುರಿದುಕೊಂಡ ಸದ್ದಾಯಿತು.

“ಕಾಯೋಕೆ ಹೇಳಿ.”